ಹಿಮದ ನಾಡಿನ ಗಣಿಯಲ್ಲಿ ನೆಲದವರ ಪಾಲು

ಗಣಿ ಅಂದ ಕೂಡಲೆ ನಮ್ಮ ರಾಯದುರ್ಗ, ಡಿ. ಹಿರೇಹಾಳು, ಬಳ್ಳಾರಿ ಕಡೆಯ ಜನರ ಕಣ್ಣ ಮುಂದೆ ಬರೋದು ಲಾರಿ. ಗುಡ್ಡ ನಮ್ಮ ಊರ ಹಿಂದಿನದು, ಧೂಳು ನಮ್ಮ ಶೇಂಗಾ ಹೊಲದ ಮೇಲಿನದು, ರೊಕ್ಕ ಮಾತ್ರ ಎಲ್ಲಿಗೆ ಹೋಯಿತೋ ಹೋಯಿತು. ನಮ್ಮವರ ಪಾಲಿಗೆ ಬಂದದ್ದು ಲಾರಿ ಬಾಡಿಗೆ, ಚಹಾದಂಗಡಿ, ಪಂಕ್ಚರ್ ಅಂಗಡಿ, ಕ್ಲೀನರ್ ಕೆಲಸ. ಸಾಲ ಮಾಡಿ ಟಿಪ್ಪರ್ ಕೊಂಡವರು ನಮ್ಮ ಊರಲ್ಲೇ ಏಳೆಂಟು ಜನ ಇದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಅದಿರು ಗಣಿಗಳನ್ನು ನಿಲ್ಲಿಸಿದ ಮೇಲೆ ಅವರ ಗಾಡಿಗಳನ್ನು ಫೈನಾನ್ಸಿನವರು ಒಂದೊಂದಾಗಿ ಎಳೆದುಕೊಂಡು ಹೋದರು. ಕೋರ್ಟಿನ ತೀರ್ಪನ್ನು ತಪ್ಪೆನ್ನಲಾರೆ. ಗಡಿ ಗುರುತೇ ಅಳಿಸಿ ಗಣಿ ತೋಡಿದ ವ್ಯಾಜ್ಯ ಈ ಪುಟದ ಓದುಗರಿಗೆ ಗೊತ್ತಿರುವಂಥಾದ್ದೇ. ನಾನು ಕೇಳುವುದು ಬೇರೆ. ಗಣಿ ನಡೆದಷ್ಟು ದಿನ ಊಟದ ಗುತ್ತಿಗೆ, ಡೀಸೆಲ್ ಗುತ್ತಿಗೆ, ರಸ್ತೆ ಗುತ್ತಿಗೆ, ಯಂತ್ರದ ಗುತ್ತಿಗೆ ಯಾರಿಗೆ ಹೋಯಿತು? ಗುಡ್ಡದ ಬುಡದ ಊರಿನವರಿಗೆ ಅದರಲ್ಲಿ ಇಷ್ಟು ಕೊಡಬೇಕು ಅಂತ ಯಾವ ಕಾಗದದಲ್ಲಿ ಬರೆದಿತ್ತು?

ಅಂಥ ಕಾಗದ ಬರೆಸಿಕೊಂಡ ಜನ ಭೂಮಿಯ ಮೇಲಿದ್ದಾರೆ. ಕೆನಡಾ ದೇಶದ ಉತ್ತರದ ತುದಿಯ ಹಿಮದ ನಾಡಿನ ಇನುಯಿಟ್ ಜನ. ನಾವು ಸ್ಕೂಲಿನಲ್ಲಿ ಎಸ್ಕಿಮೋ ಅಂತ ಓದಿದ್ದೆವಲ್ಲ, ಅವರೇ. ಆ ಹೆಸರು ಅವರಿಗೆ ಹಿಡಿಸುವುದಿಲ್ಲ. ತಮ್ಮ ಭಾಷೆಯಲ್ಲಿ ಅವರು ತಮ್ಮನ್ನು ಇನುಯಿಟ್ ಅನ್ನುತ್ತಾರೆ, ಜನ ಅಂತ ಅರ್ಥ. ಒಬ್ಬನಾದರೆ ಇನುಕ್. ಅವರ ನಾಡು ನುನಾವುಟ್, ಅಂದರೆ ನಮ್ಮ ನೆಲ. ನಾನು ಎಸ್ಸೆಸ್ಸೆಲ್ಸಿ ಓದಿದ ರೈತ, ಇಂಗ್ಲಿಷ್ ಕಾನೂನು ಪತ್ರ ನನ್ನಿಂದ ಪೂರಾ ಓದಲಾಗದು. ಬೆಂಗಳೂರಿನಲ್ಲಿರುವ ಮಗಳು ಓದಿ ಅರ್ಥ ಹೇಳಿದಳು, ನಾನು ಗುರುತು ಹಾಕಿಕೊಂಡೆ. ಕೆಲವು ಕಡೆ ಮೂರು ಮೂರು ಸಲ ಓದಿಸಿದ್ದೇನೆ. ಅವಳಿಗೆ ಬೇಜಾರಾದರೂ ಬಿಡಲಿಲ್ಲ.

ಮೊದಲು ನಾಡಿನ ಅಳತೆ ತಿಳಿಯಲಿ. ನುನಾವುಟ್ ಸುಮಾರು 20 ಲಕ್ಷ ಚದರ ಕಿಲೋಮೀಟರು, ಅಂದರೆ ಹತ್ತು ಕರ್ನಾಟಕ. 2021ರ ಜನಗಣತಿಯಲ್ಲಿ ಅಲ್ಲಿದ್ದ ಜನ 36,858. ನಮ್ಮ ಕಡೆ ಒಂದು ಮಂಡಲದಲ್ಲೇ ಅಷ್ಟು ಜನ ಸಿಕ್ಕಾರು. ಅವರಲ್ಲಿ ನೂರಕ್ಕೆ ಎಂಬತ್ತೈದರಷ್ಟು ಇನುಯಿಟ್. ಊರುಗಳು ಇಪ್ಪತ್ತೈದು, ಒಂದು ಊರಿಂದ ಇನ್ನೊಂದು ಊರಿಗೆ ರಸ್ತೆ ಇಲ್ಲ. ವಿಮಾನದಲ್ಲಿ ಹೋಗಬೇಕು, ಇಲ್ಲವೇ ಚಳಿಗಾಲದಲ್ಲಿ ಹಿಮಗಾಡಿ. ಭಾರದ ಸಾಮಾನು ಬೇಸಿಗೆಯಲ್ಲಿ ಸಮುದ್ರದ ಹಿಮ ಕರಗಿದ ಎರಡು ಮೂರು ತಿಂಗಳಲ್ಲಿ ಹಡಗಿನಲ್ಲಿ ಬರಬೇಕು. ಬೇಸಾಯ ಎಂಬುದೇ ಇಲ್ಲ. ಬೇಟೆ, ಮೀನು, ಕ್ಯಾರಿಬೂ ಎಂಬ ಜಿಂಕೆ ಜಾತಿ, ಸೀಲ್, ಉದ್ದ ಕೊಂಬಿನ ನಾರ್ವಾಲ್ ತಿಮಿಂಗಿಲ, ಇವೇ ಅವರ ಹೊಲ, ಅವರ ತೋಟ.

ಗಣಿಗಳು ಅವರಿಗೆ ಹೊಸವಲ್ಲ. ರಾಂಕಿನ್ ಇನ್ಲೆಟ್ ಎಂಬಲ್ಲಿ 1957ರಲ್ಲಿ ನಿಕ್ಕಲ್ ಗಣಿ ತೆರೆಯಿತು. ಬೇಟೆ ಬಿಟ್ಟು ಇನುಯಿಟ್ ಗಂಡಸರು ಗಣಿಯೊಳಗೆ ಇಳಿದರು, ಊರೇ ಗಣಿಯ ಸುತ್ತ ಬೆಳೆಯಿತು. 1962ರಲ್ಲಿ ಅದಿರು ಮುಗಿಯಿತು, ಕಂಪನಿ ಎದ್ದು ಹೋಯಿತು, ಜನ ಉಳಿದರು. ಆಮೇಲೆ ಆರ್ಕ್ಟಿಕ್ ಬೇ ಊರಿನ ಹತ್ತಿರ ನನಿಸಿವಿಕ್ ಎಂಬ ಸೀಸ-ಸತುವಿನ ಗಣಿ, 1976ರಿಂದ 2002ರವರೆಗೆ ನಡೆದದ್ದು. ಅದಕ್ಕೆ 1974ರಲ್ಲಿ ಒಪ್ಪಂದವಾದದ್ದು ಸರ್ಕಾರಕ್ಕೂ ಕಂಪನಿಗೂ. ಕೆಲಸಗಾರರಲ್ಲಿ ನೂರಕ್ಕೆ 60 ಮಂದಿ ಉತ್ತರದ ಜನ ಇರಬೇಕು ಅಂತ ಗುರಿ ಬರೆದರು. ಗಣಿ ಮುಚ್ಚುವವರೆಗೂ ಆ ಗುರಿ ಮುಟ್ಟಲಿಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ. ಒಪ್ಪಂದದಲ್ಲಿ ನೆಲದವರ ಸಹಿಯೇ ಇರಲಿಲ್ಲ. ಗುರಿ ತಪ್ಪಿದರೆ ಕೇಳುವ ಹಕ್ಕು ಯಾರಿಗೆ?

ಕಾಗದಕ್ಕೆ ಬಂದ ಬಲ

ಬಲ ಬಂದದ್ದು 1993ರಲ್ಲಿ. ಇಪ್ಪತ್ತು ವರ್ಷ ಮಾತುಕತೆ ಆಡಿ, ಆ ವರ್ಷ ಮೇ 25ರಂದು ಇನುಯಿಟರು ಕೆನಡಾ ಸರ್ಕಾರದ ಜೊತೆ ನುನಾವುಟ್ ಒಪ್ಪಂದಕ್ಕೆ ಸಹಿ ಮಾಡಿದರು. ಸುಮಾರು ಮೂರೂವರೆ ಲಕ್ಷ ಚದರ ಕಿಲೋಮೀಟರು ನೆಲದ ಒಡೆತನ ಅವರಿಗೆ ಬಂತು, ಅದರಲ್ಲಿ ಹತ್ತರಲ್ಲೊಂದು ಭಾಗದಷ್ಟಕ್ಕೆ ನೆಲದಡಿಯ ಖನಿಜದ ಹಕ್ಕೂ ಸೇರಿ. ಹದಿನಾಲ್ಕು ವರ್ಷದಲ್ಲಿ ಕಂತಿನಂತೆ 114 ಕೋಟಿ ಡಾಲರಿಗೂ ಮೀರಿದ ಪರಿಹಾರ. 1999ರ ಏಪ್ರಿಲ್ 1ರಿಂದ ನುನಾವುಟ್ ಬೇರೆ ಆಡಳಿತ ಪ್ರದೇಶವಾಯಿತು. ಇದೆಲ್ಲ ದೊಡ್ಡ ಸುದ್ದಿ. ವ್ಯಾಪಾರ ಮಾಡುವವರು ನೋಡಬೇಕಾದ್ದು ಆ ಒಪ್ಪಂದದ ಎರಡು ಅಧ್ಯಾಯ, 24 ಮತ್ತು 26.

ಇಪ್ಪತ್ತಾರನೆಯದು ಹೇಳೋದು ಇಷ್ಟು. ದೊಡ್ಡ ಯೋಜನೆ ಯಾವುದೇ ಆಗಲಿ, ಐದು ವರ್ಷದಲ್ಲಿ ಇನ್ನೂರು ಆಳು-ವರ್ಷಕ್ಕಿಂತ ಹೆಚ್ಚು ಕೆಲಸ ಇರುವಂಥಾದ್ದು ಅಥವಾ ಬಂಡವಾಳ ಗೊತ್ತಾದ ಮಿತಿ ದಾಟಿದ್ದು, ಆ ಭಾಗದ ಇನುಯಿಟ್ ಸಂಘದ ಜೊತೆ ಲಾಭದ ಒಪ್ಪಂದ ಮುಗಿಯದೆ ಗುದ್ದಲಿ ಹಾಕುವಂತಿಲ್ಲ. ಒಪ್ಪಂದದಲ್ಲಿ ಏನೇನು ಮಾತಾಡಬಹುದು ಎಂಬ ಪಟ್ಟಿಯೂ ಇದೆ: ತರಬೇತಿ, ನೌಕರಿ, ಕೆಲಸದ ಜಾಗದ ಭಾಷೆ, ಅದರ ಜೊತೆಗೆ ವ್ಯಾಪಾರದ ಅವಕಾಶ. ವ್ಯಾಪಾರದ ಅವಕಾಶ ಅಂದರೆ ಏನು ಅಂತಲೂ ಬಿಡಿಸಿ ಬರೆದಿದ್ದಾರೆ. ಮೊದಲ ಬಂಡವಾಳಕ್ಕೆ ಬೀಜದ ಹಣ, ತಿಳಿದವರ ಸಲಹೆ, ಗುತ್ತಿಗೆ ಬರುತ್ತಿದೆ ಎಂದು ಮುಂಚೆ ತಿಳಿಸುವುದು, ಗುತ್ತಿಗೆಯಲ್ಲಿ ಇನುಯಿಟರಿಗೆ ಮೊದಲ ಮಣೆ. ಎರಡೂ ಕಡೆ ಹೊಂದದಿದ್ದರೆ ಪಂಚಾಯ್ತಿಗೆ ಪಂಚರನ್ನು ನೇಮಿಸುವ ಏರ್ಪಾಟು ಸಹ ಇದೆ.

ಇಪ್ಪತ್ನಾಲ್ಕನೆಯದು ಸರ್ಕಾರದ ಟೆಂಡರಿಗೆ ಸೇರಿದ್ದು. ಗಣಿಗೆ ನೇರ ಅನ್ವಯ ಇಲ್ಲದಿದ್ದರೂ ಅದರ ಬುದ್ಧಿವಂತಿಕೆ ನೋಡಿ ನನಗೆ ತಲೆ ತೂಗುವಂತಾಯಿತು. ದೊಡ್ಡ ಗುತ್ತಿಗೆಯನ್ನು ಒಂದೇ ಗಂಟು ಮಾಡಿ ಕೂಗಬೇಡಿ, ಸಣ್ಣವರು ಕೂಗುವ ಹಾಗೆ ಬಿಡಿಸಿ ಕೊಡಿ. ಟೆಂಡರಿನ ದಿನ, ಸ್ಥಳ, ಷರತ್ತು ಇವರಿಗೆ ಅನುಕೂಲವಾಗುವ ಹಾಗೆ ಇಡಿ. ಆ ಕೆಲಸಕ್ಕೆ ಬೇಕಿಲ್ಲದ ವಿದ್ಯಾರ್ಹತೆ ಕೇಳಿ ಬಾಗಿಲು ಹಾಕಬೇಡಿ. ನಮ್ಮಲ್ಲಿ ಟೆಂಡರ್ ಹೇಗೆ ಕಟ್ಟುತ್ತಾರೆ ಅಂತ ಕಂಡವರಿಗೆ ಇದರ ಬೆಲೆ ಗೊತ್ತು. ಮೂರು ಊರಿನ ಚರಂಡಿ ಕೆಲಸವನ್ನು ಒಂದೇ ಪ್ಯಾಕೇಜು ಮಾಡಿ, ಹಿಂದೆ ಇಷ್ಟು ಕೋಟಿ ಕೆಲಸ ಮಾಡಿರಬೇಕು ಅಂತ ಒಂದು ಸಾಲು ಸೇರಿಸಿದರೆ ಸಾಕು. ಊರಿನ ಮೇಸ್ತ್ರಿ ಅಲ್ಲಿಗೇ ಹೊರಗೆ.

ಹಾಗಾದರೆ ಇನುಯಿಟ್ ಕಂಪನಿ ಅಂದರೆ ಯಾವುದು? ಮತದ ಹಕ್ಕಿರುವ ಷೇರುಗಳಲ್ಲಿ ನೂರಕ್ಕೆ 51 ಪಾಲು ಇನುಯಿಟರ ಕೈಯಲ್ಲಿರಬೇಕು. ಅವರ ಹಿಡಿತದ ಸಹಕಾರ ಸಂಘವಾದರೂ ಆಗುತ್ತದೆ, ಒಬ್ಬ ಇನುಕ್‌ನ ಸ್ವಂತ ವ್ಯಾಪಾರವಾದರೂ ಆಗುತ್ತದೆ. ನುನಾವುಟ್ ಟುಂಗಾವಿಕ್ ಎಂಬ ಅವರ ಕೇಂದ್ರ ಸಂಸ್ಥೆ ಇಂಥವರ ದಾಖಲೆ ಪುಸ್ತಕ ಇಟ್ಟಿದೆ. ಅದರಲ್ಲಿ ಹೆಸರಿದ್ದರೇನೇ ಇನುಯಿಟ್ ಕಂಪನಿ.

ಈ ಮಾತನ್ನು ನಮ್ಮ ಓಣಿಯ ಹಳೇ ಲಾರಿ ಮಾಲೀಕರಿಗೆ ಹೇಳಿದಾಗ ಅವರು ಬೀಡಿ ಆರಿಸಿ ಕೇಳಿದರು: "ಅದೇನಣ್ಣಾ, ಐವತ್ತೊಂದು ಅಂದ್ರೆ ಹೆಸರು ಅವರದು, ಜೇಬು ಬೇರೆಯವರದು ಅಲ್ಲೇನು? ನಮ್ಮಲ್ಲಿ ನಡೆಯೋದಿಲ್ಲೇನು?" ಬಲವಾದ ಪ್ರಶ್ನೆ. ಕರ್ನಾಟಕದಲ್ಲಿ 2017ರಿಂದ 50 ಲಕ್ಷದೊಳಗಿನ ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಮೀಸಲು ಬಂತು, ಮುಂದೆ ಆ ಮಿತಿ ಏರಿತು. ಲೈಸೆನ್ಸ್ ಒಬ್ಬರದು, ಕೆಲಸ ಇನ್ನೊಬ್ಬರದು ಎಂಬ ಗೊಣಗಾಟವೂ ಹಿಂದೆಯೇ ಬಂತು. ಕೆನಡಾದಲ್ಲೂ ಬೇನಾಮಿ ಕಾಟ ತಪ್ಪಿಲ್ಲ. ಮೂಲನಿವಾಸಿಗಳ ಹೆಸರಿನಲ್ಲಿ ಸರ್ಕಾರಿ ಗುತ್ತಿಗೆ ಹೊಡೆಯುವ ಕಂಪನಿಗಳ ಬಗ್ಗೆ 2024ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಗಳೇ ವಿಚಾರಣೆ ಮಾಡಿದವು. ಆದರೂ ನನಗೆ ಒಂದು ವ್ಯತ್ಯಾಸ ಕಾಣುತ್ತದೆ. ಯಾರು ನಮ್ಮವರು ಅಂತ ಹೇಳುವ ಪುಸ್ತಕ ಇನುಯಿಟರ ಕೈಯಲ್ಲೇ ಇದೆ, ತಹಸೀಲ್ದಾರರ ಕಚೇರಿಯಲ್ಲಿ ಇಲ್ಲ.

ಮೇರಿ ನದಿಯ ಕಬ್ಬಿಣ

ಈಗ ಒಂದು ಗಣಿಯನ್ನೇ ಹಿಡಿದು ನೋಡೋಣ. ಬಾಫಿನ್ ಎಂಬ ದೊಡ್ಡ ದ್ವೀಪದಲ್ಲಿ ಮೇರಿ ರಿವರ್ ಎಂಬ ಜಾಗ. ಅಲ್ಲಿ 1962ರಲ್ಲೇ ಕಬ್ಬಿಣದ ಅದಿರು ಕಂಡಿದ್ದರು. ನೂರಕ್ಕೆ 65ರ ಆಸುಪಾಸು ಕಬ್ಬಿಣ, ತೊಳೆಯದೆ ಹಾಗೇ ಹಡಗಿಗೆ ತುಂಬುವಂಥಾದ್ದು. ಆದರೆ ಅಲ್ಲಿಂದ ಸಾಗಿಸೋದು ಹೇಗೆ? ಐವತ್ತು ವರ್ಷ ಹಾಗೇ ಬಿದ್ದಿತ್ತು. ಬಾಫಿನ್‌ಲ್ಯಾಂಡ್ ಎಂಬ ಕಂಪನಿಯನ್ನು 2011ರಲ್ಲಿ ಕೊಂಡವರಲ್ಲಿ ಆರ್ಸೆಲರ್ ಮಿತ್ತಲ್ ಒಬ್ಬರು. ಅದೇ ಆರ್ಸೆಲರ್ ಮಿತ್ತಲ್ ಉಕ್ಕಿನ ಕಾರ್ಖಾನೆ ಹಾಕುತ್ತದೆಂದು ಬಳ್ಳಾರಿ ಪಕ್ಕದ ಕುಡುತಿನಿ ಕಡೆ ರೈತರ ಭೂಮಿ ಹೋದದ್ದು, ಕಾರ್ಖಾನೆ ಬಾರದೇ ಹೋದದ್ದು, ಆ ರೈತರು ಧರಣಿ ಕೂತದ್ದು ನಮ್ಮ ಓದುಗರಿಗೆ ಹೊಸದಲ್ಲ. ಲೋಕ ಎಷ್ಟು ಚಿಕ್ಕದು ನೋಡಿ.

ಮೇರಿ ನದಿಯಲ್ಲಿ 2013ರ ಸೆಪ್ಟೆಂಬರ್ 6ರಂದು ಕಂಪನಿ ಮತ್ತು ಕಿಕಿಕ್ತಾನಿ ಇನುಯಿಟ್ ಸಂಘ ಲಾಭದ ಒಪ್ಪಂದಕ್ಕೆ ಸಹಿ ಮಾಡಿದವು. 2018ರಲ್ಲಿ ಅದನ್ನು ತಿದ್ದಿದರು. ಮಾರಾಟದ ನಿವ್ವಳ ಆದಾಯದಲ್ಲಿ ನೂರಕ್ಕೆ 1.19 ಸಂಘಕ್ಕೆ. ಕೆಲಸಗಾರರಲ್ಲಿ ಇಷ್ಟು ಪಾಲು ಇನುಯಿಟರು ಅಂತ ವರ್ಷ ವರ್ಷ ಗುರಿ ಕಟ್ಟುವುದು. ಗುತ್ತಿಗೆಗೆ ಬೇರೆಯದೇ ಅಧ್ಯಾಯ. ಇಂಥಿಂಥ ಗುತ್ತಿಗೆ ಬರಲಿದೆ ಅಂತ ಮುಂಚೆಯೇ ಇನುಯಿಟ್ ಕಂಪನಿಗಳಿಗೆ ತಿಳಿಸಬೇಕು. ದರಪತ್ರ ಅಳೆಯುವಾಗ ಬರೀ ದರ ನೋಡುವಂತಿಲ್ಲ, ಎಷ್ಟು ಇನುಯಿಟರಿಗೆ ಕೆಲಸ, ಎಷ್ಟು ತರಬೇತಿ, ಅವರ ಪಾಲುದಾರಿಕೆ ಎಷ್ಟು, ಅದಕ್ಕೂ ಅಂಕ. ಹೊರಗಿನ ಕಂಪನಿಗೆ ಗುತ್ತಿಗೆ ಹೋದರೂ ಇನುಯಿಟ್ ಪಾಲಿನ ಷರತ್ತು ಅದರ ಬೆನ್ನಿಗೆ ಹೋಗುತ್ತದೆ. ಹೊಸ ವ್ಯಾಪಾರ ಕಟ್ಟುವವರಿಗೆ ನಿಧಿಯೂ ಒಪ್ಪಂದದಲ್ಲೇ ಬಂದಿದೆ.

ಗಣಿಯಲ್ಲಿ ಗುತ್ತಿಗೆ ಅಂದರೆ ನಾವು ಅದಿರು ಅಗೆಯುವುದು ಮಾತ್ರ ನೆನೆಯುತ್ತೇವೆ. ಹಿಮದ ಗಣಿಯಲ್ಲಿ ಕೆಲಸಗಾರರು ಕೆಲವು ವಾರ ಅಲ್ಲೇ ಇದ್ದು, ಕೆಲವು ವಾರ ವಿಮಾನದಲ್ಲಿ ಊರಿಗೆ ಹೋಗುತ್ತಾರೆ. ಅವರ ಅಡುಗೆ, ಹಾಸಿಗೆ, ಬಟ್ಟೆ ಒಗೆತ, ವಿಮಾನ, ಡೀಸೆಲ್, ರಸ್ತೆಯ ಹಿಮ ತೆಗೆಯೋದು, ಕಾವಲು, ದವಾಖಾನೆ, ಕಸ, ಭಾಷಾಂತರ, ನೀರು-ಪ್ರಾಣಿಗಳ ಲೆಕ್ಕ ಇಡೋದು, ಎಲ್ಲವೂ ಗುತ್ತಿಗೆ. ಮಣ್ಣೆತ್ತುವ ದೊಡ್ಡ ಕೆಲಸಕ್ಕೆ ಕೈ ಹಾಕಿದವರೂ ಉಂಟು. ನುನಾ ಲಾಜಿಸ್ಟಿಕ್ಸ್ ಎಂಬ ಕಂಪನಿ 1993ರಲ್ಲಿ ಹುಟ್ಟಿದ್ದು, ಅದರಲ್ಲಿ ಕಿಟಿಕ್ಮಿಯೋಟ್ ಭಾಗದ ಇನುಯಿಟರ ಕಾರ್ಪೊರೇಶನ್ನಿಗೆ ಶೇ. 51. ಹಿಮದ ರಸ್ತೆ ಕಟ್ಟುವುದು, ಗಣಿಗೆ ಮಣ್ಣು ತೆಗೆಯುವುದು ಅದರ ಕಸುಬು. ಒಬ್ಬೊಬ್ಬರೇ ಬಂಡವಾಳ ಹಾಕಲಾರದ ಕಡೆ ಪರಿಹಾರದ ಹಣವನ್ನು ಒಟ್ಟಿಗೆ ಇಟ್ಟು, ಕಸುಬು ಬಲ್ಲ ಹೊರಗಿನವರನ್ನು ಪಾಲುದಾರ ಮಾಡಿಕೊಂಡು, ಒಡೆತನ ಬಿಡದೆ ನಡೆಸುವ ದಾರಿ ಇದು. ನಮ್ಮಲ್ಲಿ ಪರಿಹಾರದ ಹಣ ಬಂದಾಗ ಮೊದಲು ಮೋಟಾರ್ ಸೈಕಲ್ಲು, ಆಮೇಲೆ ಮದುವೆ, ಆಮೇಲೆ ಸಾಲ. ಇದು ನಮ್ಮ ಜನರ ತಪ್ಪಷ್ಟೇ ಅಲ್ಲ. ಒಟ್ಟಿಗೆ ಇಡುವ ಪೆಟ್ಟಿಗೆಯನ್ನೇ ಯಾರೂ ಮಾಡಿಕೊಡಲಿಲ್ಲ.

ಹಡಗು ಬರೋದು ಬೇಸಿಗೆಯಲ್ಲೇ

ಇಷ್ಟು ಓದಿ ಇನುಯಿಟರೆಲ್ಲ ಸಾಹುಕಾರರಾದರು ಅಂತ ತಿಳಿಯಬೇಡಿ. ಕಾಗದದ ಮೇಲಿನ ಮೊದಲ ಮಣೆಗೂ ಕೈಗೆ ಬರುವ ಚೆಕ್ಕಿಗೂ ನಡುವೆ ದೊಡ್ಡ ಹಳ್ಳ ಇದೆ. ವ್ಯಾಪಾರಿಗಳಿಗೆ ನಾನು ಮುಖ್ಯವಾಗಿ ಹೇಳಬೇಕೆಂದದ್ದು ಈ ಭಾಗವೇ.

ಹಡಗು ಬೇಸಿಗೆಯಲ್ಲಿ ಮಾತ್ರ ಬರುತ್ತದೆ ಅಂದೆನಲ್ಲ. ಸಣ್ಣ ಊರಿನ ಒಬ್ಬ ಇನುಕ್ ಗಣಿಯ ಗುತ್ತಿಗೆ ಹಿಡಿದ ಅಂತಿಟ್ಟುಕೊಳ್ಳಿ. ಟೈರು, ಆಯಿಲ್ಲು, ಬೋಲ್ಟು, ಕಬ್ಬಿಣ, ಒಂದು ವರ್ಷಕ್ಕೆ ಬೇಕಾದ್ದನ್ನೆಲ್ಲ ವಸಂತದಲ್ಲೇ ಆರ್ಡರ್ ಕೊಟ್ಟು ಬೇಸಿಗೆಯ ಹಡಗಿಗೆ ಏರಿಸಬೇಕು. ಮರೆತ ಒಂದು ಬಿಡಿಭಾಗ ವಿಮಾನದಲ್ಲಿ ತರಿಸಿದರೆ ಲಾಭ ಪೂರಾ ಅಲ್ಲೇ ಹೋಯಿತು. ವರ್ಷದ ಸಾಮಾನಿಗೆ ರೊಕ್ಕ ಮೊದಲೇ ಹಾಕಬೇಕು, ಕಂಪನಿಯ ಬಿಲ್ಲು ಕೆಲಸ ಮುಗಿದ ಮೇಲೆ, ತಿಂಗಳು ಎರಡು ತಿಂಗಳು ಕಳೆದು ಬರುತ್ತದೆ. ನಡುವಿನ ಬಡ್ಡಿ ಯಾರ ತಲೆಗೆ? ಆಷಾಢದಲ್ಲಿ ಬೀಜ ಗೊಬ್ಬರ ಸಾಲ ತಂದು ಸಂಕ್ರಾಂತಿಗೆ ಶೇಂಗಾ ಮಾರುವ ನಮಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ಬಹಳ ಊರುಗಳಲ್ಲಿ ಬ್ಯಾಂಕಿನ ಶಾಖೆಯೇ ಇಲ್ಲ. ಇದರ ಮೇಲೆ ಇನ್ಸೂರೆನ್ಸು, ಠೇವಣಿ, ಸುರಕ್ಷತೆಯ ಸರ್ಟಿಫಿಕೇಟು. ಅವರ ಮನೆಮಾತು ಇನುಕ್ಟಿಟುಟ್. ಮುಕ್ಕೋನ, ಕೊಕ್ಕೆಯಂಥ ಅಕ್ಷರದಲ್ಲಿ ಅದನ್ನು ಬರೆಯುತ್ತಾರೆ. ಗುತ್ತಿಗೆಯ ವ್ಯವಹಾರ ಇಂಗ್ಲಿಷಿನದು. ಕನ್ನಡ ಮನೆಮಾತಿನ ನಾವು ತೆಲುಗು ಕಚೇರಿಯಲ್ಲಿ ಅರ್ಜಿ ಬರೆದವರು, ಅದರ ಕಷ್ಟ ನಮಗೆ ತಿಳಿಯದೆ?

ಹಾಗಾಗಿ ದೊಡ್ಡ ಗುತ್ತಿಗೆಗಳು ಸಂಘದ ದೊಡ್ಡ ಕಾರ್ಪೊರೇಶನ್ನುಗಳಿಗೆ ಮತ್ತು ಅವುಗಳ ಹೊರಗಿನ ಪಾಲುದಾರರಿಗೆ ಹೋಗುತ್ತವೆ, ಗಣಿಗೆ ಹತ್ತಿರದ ಸಣ್ಣ ಊರಿನ ಒಂಟಿ ವ್ಯಾಪಾರಿಗೆ ಉಳಿಯುವುದು ಕಡಿಮೆ. ನೌಕರಿಯಲ್ಲೂ ಮೇರಿ ನದಿಯಲ್ಲಿ ನೂರಕ್ಕೆ 25ರ ಗುರಿ ಇಟ್ಟರು, ನಡೆದದ್ದು ಅದಕ್ಕಿಂತ ಕೆಳಗೇ. ಕೆನಡಾ ಸರ್ಕಾರವೂ 1993ರ ಮಾತು ಪೂರಾ ನಡೆಸಲಿಲ್ಲ ಅಂತ ಟುಂಗಾವಿಕ್ ಸಂಸ್ಥೆ 2006ರಲ್ಲಿ ನೂರು ಕೋಟಿ ಡಾಲರಿನ ದಾವೆ ಹೂಡಿತು. 2015ರಲ್ಲಿ 25.55 ಕೋಟಿ ಡಾಲರಿಗೆ ರಾಜಿಯಾಯಿತು, ಅದರಲ್ಲಿ 17.5 ಕೋಟಿ ಬರೀ ಇನುಯಿಟರ ತರಬೇತಿಗೆ. ಸರ್ಕಾರಿ ಗುತ್ತಿಗೆಯ ನಿರ್ದೇಶನ ಜಾರಿಗೆ ಬಂದದ್ದು 2019ರ ಡಿಸೆಂಬರ್ 20ಕ್ಕೆ. ಇಪ್ಪತ್ತಾರು ವರ್ಷ! ಆದರೆ ಕೇಳುವವರಿದ್ದರು, ಕೇಳುವುದಕ್ಕೆ ಕಾಗದವಿತ್ತು.

ಕೆಂಪು ಹಿಮ

ಮೇರಿ ನದಿಯಲ್ಲಿ ಗಣಿಯಿಂದ ಮಿಲ್ನ್ ಬಂದರಿಗೆ ನೂರು ಕಿಲೋಮೀಟರು ಮಣ್ಣು ರಸ್ತೆ, ಅದರ ಮೇಲೆ ಹಗಲೂ ರಾತ್ರಿ ಅದಿರಿನ ಟ್ರಕ್ಕು. ಮೊದಲ ಹಡಗು 2015ರಲ್ಲಿ ಹೋಯಿತು. ಬಿಳೀ ಹಿಮದ ಮೇಲೆ ಕೆಂಪು ಧೂಳು ಕೂತಿತು ಅಂತ ಬೇಟೆಗಾರರು ದೂರು ಕೊಟ್ಟರು. ಆ ಹಿಮವನ್ನೇ ಕರಗಿಸಿ ಕುಡಿಯುವವರು ಅವರು. ಮಗಳು ಚಿತ್ರ ತೋರಿಸಿದಾಗ ನಮ್ಮ ಹತ್ತಿ ಹೊಲ ನೆನಪಾಯಿತು, ಅರಳಿದ ಹತ್ತಿಯ ಮೇಲಿನ ಅದೇ ಬಣ್ಣ. ಹಡಗಿನ ಸದ್ದಿಗೆ ನಾರ್ವಾಲ್‌ಗಳು ದೂರ ಸರಿಯುತ್ತಿವೆ ಎಂಬುದು ಅವರ ಇನ್ನೊಂದು ಸಂಕಟ.

ಕಂಪನಿ ರೈಲು ಹಾಕಿ ಸಾಗಣೆಯನ್ನು ವರ್ಷಕ್ಕೆ ಒಂದು ಕೋಟಿ ಇಪ್ಪತ್ತು ಲಕ್ಷ ಟನ್ನಿಗೆ ಏರಿಸುತ್ತೇನೆ ಅಂದಿತು. 2020ರಲ್ಲಿ ಸಂಘದ ಜೊತೆ ಇನ್ನೊಂದು ಒಪ್ಪಂದವಾಯಿತು, ಗಣಿಯ ಆಯುಸ್ಸಿನಲ್ಲಿ ನೂರು ಕೋಟಿ ಡಾಲರಿಗೂ ಮೀರಿ ಬರುತ್ತದೆ ಎಂಬ ಲೆಕ್ಕದ್ದು. ಊರುಗಳ ಜನ ಒಪ್ಪಲಿಲ್ಲ. 2021ರ ಫೆಬ್ರವರಿಯ ಚಳಿಯಲ್ಲಿ ಬೇಟೆಗಾರರ ಒಂದು ಗುಂಪು ಹಿಮಗಾಡಿಗಳಲ್ಲಿ ಬಂದು ಗಣಿಯ ವಿಮಾನದ ಪಟ್ಟಿ ಮತ್ತು ರಸ್ತೆಯನ್ನು ಒಂದು ವಾರ ತಡೆದು ಕೂತಿತು. ಅದೇ ಮಾರ್ಚಿನಲ್ಲಿ ಸಂಘವೂ ಈ ವಿಸ್ತರಣೆಗೆ ನಮ್ಮ ಬೆಂಬಲ ಇಲ್ಲ ಅಂದಿತು. 2022ರ ಮೇ ತಿಂಗಳಲ್ಲಿ ಪರಿಶೀಲನಾ ಮಂಡಳಿ ಬೇಡ ಎಂದು ಶಿಫಾರಸು ಮಾಡಿತು, ನವೆಂಬರ್ 16ರಂದು ಮಂತ್ರಿಗಳು ತಿರಸ್ಕರಿಸಿದರು. ನಡುವೆ ಕಂಪನಿ ಸಾವಿರಕ್ಕೂ ಹೆಚ್ಚು ಮಂದಿಗೆ ಕೆಲಸ ಬಿಡಿಸುವ ನೋಟೀಸು ಕೊಟ್ಟಿತ್ತು. ಸಾಗಣೆಯನ್ನು 60 ಲಕ್ಷ ಟನ್ನಿನಲ್ಲಿ ಮುಂದುವರಿಸಲು ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿದ್ದರಿಂದ ಗಣಿ ನಿಲ್ಲಲಿಲ್ಲ.

ಇಲ್ಲಿ ಯಾರ ಪಕ್ಷ ಹಿಡಿಯಬೇಕು? ಒಂದೇ ಮನೆಯಲ್ಲಿ ಅಣ್ಣ ಗಣಿಯ ಗುತ್ತಿಗೆಯಲ್ಲಿ ಡ್ರೈವರು, ತಮ್ಮ ಬೇಟೆಗಾರ ಆಗಿರಬಹುದು. ಗುತ್ತಿಗೆ ಹಿಡಿದವನು ಗಣಿ ಬೆಳೆಯಲಿ ಅನ್ನುತ್ತಾನೆ, ಅವನ ಸಾಲ ಇನ್ನೂ ತೀರಿಲ್ಲ. ತಿಮಿಂಗಿಲದ ಮೇಲೆ ಬದುಕುವವನು ಸಾಕು ಅನ್ನುತ್ತಾನೆ. ಟಿಪ್ಪರ್ ಕೊಂಡವನ ಮನೆಯಲ್ಲೂ, ಹೊಲ ಕೆಂಪಾದವನ ಮನೆಯಲ್ಲೂ ಕೂತು ಮಾತಾಡಿದವನು ನಾನು. ಇಬ್ಬರದೂ ಸುಳ್ಳಲ್ಲ. ಗುತ್ತಿಗೆಯ ಪಾಲು ಸಿಕ್ಕವರು ಬಾಯಿ ಮುಚ್ಚಬೇಕೆಂಬ ಕರಾರನ್ನು ಇನುಯಿಟರು ಒಪ್ಪಿಕೊಳ್ಳಲಿಲ್ಲ ಎಂಬುದು ಮಾತ್ರ ನನಗೆ ದೊಡ್ಡದಾಗಿ ಕಂಡಿತು.

ಇಂಥದೇ ಇನ್ನೆರಡು ಕಡೆ ಆಗಿದೆ, ಚುಟುಕಾಗಿ ಹೇಳುತ್ತೇನೆ. ಕ್ವಿಬೆಕ್ ಪ್ರಾಂತದ ಉತ್ತರದಲ್ಲಿ ರಾಗ್ಲನ್ ನಿಕ್ಕಲ್ ಗಣಿಗೆ 1995ರಲ್ಲೇ ಮಕಿವಿಕ್ ಕಾರ್ಪೊರೇಶನ್ನು ಮತ್ತು ಸಲ್ಲುಯಿಟ್, ಕಂಗಿಕ್ಸುಜುವಾಕ್ ಎಂಬ ಎರಡು ಊರು ಒಪ್ಪಂದ ಮಾಡಿಕೊಂಡವು. ಬಂಡವಾಳ ವಾಪಸು ಬಂದ ಮೇಲೆ ಲಾಭದಲ್ಲಿ ಶೇ. 4.5, ಗುತ್ತಿಗೆಯಲ್ಲಿ ಮೊದಲ ಮಣೆ, ಕೆಲವನ್ನು ಟೆಂಡರ್ ಇಲ್ಲದೆ ನೇರ ಮಾತುಕತೆಯಲ್ಲಿ ಕೊಡುವುದು. ಲ್ಯಾಬ್ರಡಾರಿನ ವಾಯ್ಸೀಸ್ ಬೇ ಎಂಬಲ್ಲಿ ಕಂಪನಿ ಮೊದಲೇ ರಸ್ತೆ, ವಿಮಾನಪಟ್ಟಿ ಮಾಡಲು ಹೊರಟಾಗ ಇನುಯಿಟರು ಮತ್ತು ಇನ್ನು ಜನಾಂಗದವರು 1997ರಲ್ಲಿ ಕೋರ್ಟಿನಿಂದ ತಡೆ ತಂದರು. ಒಪ್ಪಂದ ಆದದ್ದು 2002ರಲ್ಲಿ, ಗಣಿಯ ಮಾಲು ಹೊರಟದ್ದು 2005ರಲ್ಲಿ. ಅಲ್ಲಿ ಚಳಿಗಾಲದಲ್ಲೂ ಹಡಗು ಹಿಮ ಒಡೆದುಕೊಂಡು ಹೋಗುತ್ತದೆ. ಬೇಟೆಗಾರರ ದಾರಿ ತುಂಡಾಗಬಾರದೆಂದು, ಹಡಗು ಹೋದ ಜಾಡಿನ ಮೇಲೆ ಹಿಮಗಾಡಿ ದಾಟಲು ತೇಲುಸೇತುವೆ ಹಾಕಿಕೊಡುವ ಏರ್ಪಾಟೂ ಇದೆ.

ನಮ್ಮ ದೇಶದಲ್ಲಿ ಏನೂ ಇಲ್ಲ ಅಂತಲ್ಲ. ಆಂಧ್ರದ ಗಿರಿಜನ ಪ್ರದೇಶದ ಸಮತಾ ಮೊಕದ್ದಮೆಯಲ್ಲಿ 1997ರಲ್ಲಿ ಸುಪ್ರೀಂ ಕೋರ್ಟು ಖಾಸಗಿ ಕಂಪನಿಗೆ ಗಿರಿಜನರ ನೆಲ ಗಣಿಗೆ ಕೊಡಬಾರದು ಅಂದಿತು. 2015ರಿಂದ ಜಿಲ್ಲಾ ಖನಿಜ ನಿಧಿ ಬಂತು, ಹಳೇ ಗಣಿಗಳು ರಾಯಲ್ಟಿಯ ಶೇ. 30ರಷ್ಟು, ಹರಾಜಿನಲ್ಲಿ ಹಿಡಿದವು ಶೇ. 10ರಷ್ಟು ಕಟ್ಟಬೇಕು. ಅದು ನಿಧಿ. ಕಲೆಕ್ಟರರ ಕಚೇರಿಯಲ್ಲಿ ಕೂತು ಹಂಚುವಂಥಾದ್ದು, ಚರಂಡಿಗೂ ಶಾಲೆಗೂ ಹೋಗುತ್ತದೆ. ಒಳ್ಳೆಯದೇ. ಗಣಿಯ ಗುತ್ತಿಗೆಯಲ್ಲಿ ಊರಿನವರಿಗೆ ಪಾಲು ಎಂಬ ಮಾತು ಅದರಲ್ಲಿ ಇಲ್ಲ.

ತೆಲುಗಿನಲ್ಲಿ ಪಾಲು ಅಂದರೆ ಹಾಲೂ ಹೌದು, ಹಿಸ್ಸೆಯೂ ಹೌದು. ಕನ್ನಡದಲ್ಲಿ ಹಿಸ್ಸೆ ಮಾತ್ರ. ಗುತ್ತಿಗೆಯನ್ನು ಅವರು ಗುತ್ತ ಅನ್ನುತ್ತಾರೆ, ಗುತ್ತಿಗೆದಾರನನ್ನು ಗುತ್ತೇದಾರು. ಎರಡೂ ಭಾಷೆಯಲ್ಲಿ ಪದ್ಯ ಕಟ್ಟುವ ನನಗೆ ಇಂಥ ಮಾತು ಸಿಕ್ಕರೆ ಬಿಡಲಾಗದು, ಓದುಗರು ಸಹಿಸಿಕೊಳ್ಳಬೇಕು.

ಇಂಥ ಒಪ್ಪಂದ ಎಷ್ಟೋ ಕಡೆ ಗುಟ್ಟಾಗಿರುತ್ತವೆ. ಮೇರಿ ನದಿಯದನ್ನು ಮಾತ್ರ ಸಂಘ ಎಲ್ಲರೂ ಓದಲೆಂದು ಹೊರಗೆ ಬಿಟ್ಟಿದೆ. ಅದರ ಗುತ್ತಿಗೆ ಅಧ್ಯಾಯದ ಸಾರವನ್ನು ಮಗಳ ಸಹಾಯದಿಂದ ಕನ್ನಡದಲ್ಲಿ ಹನ್ನೊಂದು ಪುಟ ಬರೆದಿಟ್ಟಿದ್ದೇನೆ, ತೆಲುಗಿನಲ್ಲಿ ಅರ್ಧ ಆಗಿದೆ. ಸಂಡೂರು, ಹೊಸಪೇಟೆ, ಡಿ. ಹಿರೇಹಾಳು ಕಡೆಯ ರೈತ ಸಂಘದವರಾಗಲಿ, ಲಾರಿ ಮಾಲೀಕರ ಸಂಘದವರಾಗಲಿ ಬೇಕೆಂದರೆ ಪತ್ರಿಕೆಯ ಮೂಲಕ ಕೇಳಬಹುದು, ಜೆರಾಕ್ಸ್ ಮಾಡಿಸಿ ಕಳಿಸುತ್ತೇನೆ.